ಹಳದಿ, ಬಿಳಿ, ಕೆಂಪು

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಕಾಸೀಮಸಾಬರು, ಬೇರೆಯವರ ಹಳೆಯ ವಿಡಿಯೋ ಕ್ಯಾಮೆರಾ ಒಂದು ಕೆಟ್ಟು ಹೋಗಲಿ ಎಂದು ಅಲ್ಲಾಹನಲ್ಲಿ ಬೇಡಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ಐದು ಹೊತ್ತಿನ ನಮಾಜು ತಪ್ಪಿಸದವರು, ಇಂಥ ದುವಾ ಕೇಳುವುದು ತಮಗೆ ಒಪ್ಪುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅದರಲ್ಲೂ ಆ ಕ್ಯಾಮೆರಾದ ಹೊಟ್ಟೆಯೊಳಗಿನ ಕ್ಯಾಸೆಟ್ಟಿನಲ್ಲಿ, ಏಳು ತಿಂಗಳ ಹಿಂದೆ ಮಣ್ಣಿಗೆ ಹೋದ ಅವರ ಹೆಂಡತಿ ಮಾಸುಮಬಿ ಹಾಡಿದ ದನಿ ಇತ್ತು. ಆ ದನಿ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ. ಕದರಮಂಡಲಗಿ ದಾಟುವ ಹೊತ್ತಿಗೆ ಇದು ಹೊಳೆದು ಅವರು ದುವಾವನ್ನು ತಿದ್ದಿದರು: ಕ್ಯಾಮೆರಾ ಇವತ್ತೊಂದು ದಿನ ಕೆಡಲಿ, ನಾಳೆಯಿಂದ ನೆಟ್ಟಗಾಗಲಿ. ಹುಡುಗರ ಉತ್ತರಪತ್ರಿಕೆ ತಿದ್ದಿ ರೂಢಿಯಾದ ಕೈ ದೇವರ ಬಳಿ ಹೋಗುವ ಅರ್ಜಿಯಲ್ಲೂ ಕೆಂಪು ಶಾಯಿ ಆಡಿಸುತ್ತಿತ್ತು.

ಎರಡು ದಿನದ ಹಿಂದೆ ಸುಭಾಷ ಫೋನು ಮಾಡಿದ್ದ. ಎರಡು ಸಾವಿರದ ನಾಲ್ಕರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಆಗ ಬೆಳಕಿನ ವಕ್ರೀಭವನದ ಚಿತ್ರ ಬರೆಯಲಾಗದೆ ಬೆಂಚಿನ ಮೇಲೆ ನಿಂತವನು ಈಗ ಬೀಜದ ಅಂಗಡಿ ಇಟ್ಟು, ಊರೂರಿಗೆ ಹೋಗಿ ರೈತರನ್ನು ಕೂಡಿಸಿ ಗೋವಿನಜೋಳದ ಮೇಲೆ ಭಾಷಣ ಮಾಡುತ್ತಾನೆ. ಆ ಬ್ಯಾಚಿನವರು ಇಪ್ಪತ್ತು ವರ್ಷದ ನೆಪ ಹಿಡಿದು ಗುರುವಂದನೆ ಇಟ್ಟುಕೊಂಡಿದ್ದರು. ಈಗೀಗ ಈ ಸೀಮೆಯಲ್ಲಿ ಗುರುವಂದನೆಯಿಲ್ಲದ ಭಾನುವಾರವೇ ಇಲ್ಲ. ಹೊಡೆಸಿಕೊಂಡವರೆಲ್ಲ ಸೇರಿ, ಹೊಡೆದವರನ್ನು ಹುಡುಕಿ ತಂದು, ತಲೆಯ ಮೇಲೆ ಹೂವು ಎರಚಿ, ಪೇಟ ಸುತ್ತಿ, ಹೋಳಿಗೆ ಊಟ ಹಾಕಿ ಕಳಿಸುತ್ತಾರೆ.

"ಸರ್, ಗ್ಯಾದರಿಂಗ್ ಕ್ಯಾಸೆಟ್ ಸಿಕ್ಕೈತ್ರಿ," ಎಂದಿದ್ದ ಸುಭಾಷ. "ಶಾಕೀರನ ಅಪ್ಪಾರು ಶೂಟಿಂಗ್ ಮಾಡಿದ್ರಲ್ಲ, ಅದ. ಅವರು ತೀರಿಕೊಂಡ ಮ್ಯಾಲ ಟ್ರಂಕು ತಗದ್ರ ಕ್ಯಾಮೆರಾ ಸಹಿತ ಐತಿ. ಮಾಸುಮಬಿ ಬಾಯಾರು ಹಾಡಿದ್ದು ಅದ್ರಾಗ ಐತ್ರಿ. ಪ್ರೊಜೆಕ್ಟರ್ ಹಚ್ಚಿ ಎಲ್ಲಾರಿಗೂ ತೋರಸೋರದೇವಿ."

"ಹಾಡು ಎಷ್ಟ ಐತಿ?"

"ಪೂರಾ ಇರಬೇಕ್ರಿ."

ಪೂರಾ ಇರುವುದಿಲ್ಲವೆಂದು ಕಾಸೀಮಸಾಬರಿಗೆ ಗೊತ್ತಿತ್ತು. ಮಾಸುಮಬಿ ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು; ಪಾಠ ಹೇಳುವ ಹೆಂಗಸರನ್ನು ಈ ಸೀಮೆಯಲ್ಲಿ ಬಾಯಾರು ಎನ್ನುತ್ತಾರೆ. ಆ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಹೆಡ್‌ಮಾಸ್ತರರ ಒತ್ತಾಯಕ್ಕೆ, ಹೊಸರಿತ್ತಿಯ ತನ್ನ ಅಜ್ಜಿಯಿಂದ ಕಲಿತ ಒಂದು ಬೀಸುವ ಪದ ಹಾಡಲು ನಿಂತಳು. ಒಂಬತ್ತು ನುಡಿಯ ಪದ. ಐದನೆಯ ನುಡಿಗೆ ಬರುವಾಗ ಮುಂದಿನ ಸಾಲಿನಲ್ಲಿ ಕುಳಿತ ಸಂಸ್ಥೆಯ ಚೇರ್ಮನ್ನರು ಗಡಿಯಾರ ನೋಡಿದರು. ಅಥವಾ ಮುಂಗೈ ತುರಿಸಿಕೊಂಡರು. ಇಷ್ಟು ವರ್ಷ ಯೋಚಿಸಿದರೂ ಅದು ಇತ್ಯರ್ಥವಾಗಿಲ್ಲ. ಕಾರ್ಯಕ್ರಮ ನಡೆಸುತ್ತಿದ್ದ ಕಾಸೀಮಸಾಬರು ಮಾತ್ರ ಗಡಿಯಾರವೆಂದೇ ತಿಳಿದು, ವೇದಿಕೆ ಹತ್ತಿ, ಅವಳ ಕೈಯಿಂದ ಮೈಕು ತೆಗೆದುಕೊಂಡು, "ಸಾಕ್ ಮಾಡ್ರಿ ಬಾಯಾರ, ಉಳದಿದ್ದು ಮನ್ಯಾಗ ಹಾಡ್ರಿ" ಎಂದರು. ಶಾಲೆಗೆ ಶಾಲೆಯೇ ನಕ್ಕಿತು. ಚೇರ್ಮನ್ನರೂ ನಕ್ಕರು. ಅವರು ಅಷ್ಟು ಮನಬಿಚ್ಚಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲವೆಂದು ಮರುದಿನ ಸ್ಟಾಫ್ ರೂಮಿನಲ್ಲಿ ಮಾತಾಯಿತು, ಕಾಸೀಮಸಾಬರಿಗೆ ಒಂದು ಚಹಾ ಹೆಚ್ಚು ಬಂತು. ಅವತ್ತು ಸಂಜೆ ಮನೆಯಲ್ಲಿ ಜಗಳವಾಗುತ್ತದೆಂದು ಅವರು ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದರು. ಜಗಳ ಆಗಲಿಲ್ಲ. ಮಾಸುಮಬಿ ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಬಡಿಸಿದಳು, ಉಪ್ಪು ಸಾಕೋ ಎಂದು ಕೇಳಿದಳು. ಹಾಡಲಿಲ್ಲ. ಮರುದಿನವೂ ಹಾಡಲಿಲ್ಲ. ಈದಿಗೆ ಮನೆಗೆ ಸುಣ್ಣ ಹೊಡೆಯುವಾಗ, ಮೊದಲೆಲ್ಲ ಗುನುಗುತ್ತಿದ್ದವಳು, ಆ ವರ್ಷ ಸುಣ್ಣವನ್ನಷ್ಟೇ ಹೊಡೆದಳು. ಮನೆಯಲ್ಲಿ ಹಾಡು ನಿಂತಿತೆಂದು ಕಾಸೀಮಸಾಬರಿಗೆ ಗೊತ್ತಾಗಲು ಆರು ತಿಂಗಳು ಬೇಕಾಯಿತು. ಗೊತ್ತಾದ ಮೇಲೆ, ಹಾಡು ಎಂದು ಹೇಳಲು ಇಪ್ಪತ್ತು ವರ್ಷ ಸಾಲಲಿಲ್ಲ.

ಮೋಟೆಬೆನ್ನೂರಿನ ಕಡೆಯಿಂದ ಗಾಳಿ ಬೀಸುತ್ತಿದ್ದಂತೆ ಬಸ್ಸಿನೊಳಗೆ ಒಬ್ಬೊಬ್ಬರಾಗಿ ಸೀನತೊಡಗಿದರು. ಬ್ಯಾಡಗಿ ಬಂತು. ಮೆಣಸಿನಕಾಯಿಯ ಘಾಟಿಗೆ ಕಂಡಕ್ಟರನ ಕಣ್ಣಲ್ಲೂ ನೀರಿತ್ತು, ಎದುರಿನ ಸೀಟಿನ ಹೆಂಗಸಿನ ಕಣ್ಣಲ್ಲೂ ಇತ್ತು. ಈ ಊರಿನಲ್ಲಿ ಕಣ್ಣೊರೆಸಿಕೊಳ್ಳುವವನನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಹೆಂಡತಿ ಸತ್ತವರಿಗೆ ಅನುಕೂಲವಾದ ಊರು ಎಂದುಕೊಂಡು ಕಾಸೀಮಸಾಬರು ಕರವಸ್ತ್ರ ಮಡಚಿ ಇಳಿದರು.

ಶಾಲೆಯ ಗೇಟಿನಿಂದ ಪ್ರಾರ್ಥನಾ ಮಂದಿರದವರೆಗೆ ಶಿಷ್ಯರು ಎರಡು ಸಾಲಿನಲ್ಲಿ ನಿಂತು ಚೆಂಡುಹೂವಿನ ಎಸಳು ಎರಚಿದರು. ಕೆಲವರ ತಲೆ ಬೆಳ್ಳಗಾಗಿತ್ತು, ಕೆಲವರದು ಬೆಳ್ಳಗಾಗಲು ಏನೂ ಉಳಿದಿರಲಿಲ್ಲ. ಸನ್ಮಾನದ ಹೊತ್ತಿಗೆ ಅವರ ಹೆಗಲ ಮೇಲೆ ಒಂದು ಶಾಲು ಬಿತ್ತು. "ಇದು ನಮ್ಮ ಮಾಸುಮಬಿ ಬಾಯಾರ ಪಾಲಿಂದು" ಎಂದು ಇನ್ನೊಂದು ಬಿತ್ತು. ಬದುಕಿದ್ದಾಗ ತಾವೇ ಅರ್ಧ ಹಾಡಿಗೆ ವೇದಿಕೆ ಇಳಿಸಿದವಳ ಮರ್ಯಾದೆಯೂ ತಿರುಗಿ ತಮ್ಮ ಹೆಗಲಿಗೇ ಬಂದು ಕುಳಿತಿತು. ತಗಡಿನ ಮಾಡಿನ ಕೆಳಗೆ, ಹನ್ನೆರಡರ ಬಿಸಿಲಿನಲ್ಲಿ, ಎರಡು ಶಾಲು, ಒಂದು ಪೇಟ. ಪಕ್ಕದ ಕುರ್ಚಿಯಲ್ಲಿದ್ದ ಶಂಕ್ರಪ್ಪ, ಆಗಿನ ಪಿ.ಟಿ. ಮಾಸ್ತರ, ಕಿವಿ ಸ್ವಲ್ಪ ಮಂದವಾದ್ದರಿಂದ ಗುಟ್ಟನ್ನೂ ಕೂಗಿ ಹೇಳುವವರು, ಇತ್ತ ವಾಲಿದರು.

"ಕಾಸೀಮಸಾಬ್ರ, ನಿಮಗ ಎರಡು ಶಾಲು, ನನಗ ಒಂದ. ನಮ್ಮಾಕಿ ನೌಕರಿ ಮಾಡ್ಲಿಲ್ಲ ನೋಡ್ರಿ, ಲುಕ್ಸಾನ್ ಆತು."

"ಒಂದು ನೀವ ಹೊದ್ಕೊಳ್ರಿ ಮಾಸ್ತರ."

"ಬ್ಯಾಡ್ರಿ, ಸೆಕಿ ಭಾಳ ಐತಿ."

ನಿರೂಪಣೆಗೆ ನಿಂತವಳು ಸುಧಾರಾಣಿ, ಅದೇ ಬ್ಯಾಚಿನವಳು, ಈಗ ಹಾವೇರಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಮೈಕು ಹಿಡಿದಾಗ ಅವಳ ಬಾಯಿಂದ ಪುಸ್ತಕ ಬರುತ್ತಿತ್ತು, ಮೈಕು ಇಳಿಸಿದರೆ ಹಾವೇರಿ ಬರುತ್ತಿತ್ತು. "ಇದೀಗ ನಮ್ಮ ಶಾಲಾ ದಿನಗಳ ಸವಿನೆನಪುಗಳು ಪರದೆಯ ಮೇಲೆ ಮೂಡಿಬರಲಿವೆ" ಎಂದಳು. ಪರದೆಯ ಮೇಲೆ ನೀಲಿ ಮೂಡಿಬಂತು. ನೀಲಿಯ ಮೂಲೆಯಲ್ಲಿ, ಸಿಗ್ನಲ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಪ್ರೊಜೆಕ್ಟರು ಸುಭಾಷನದು, ಗೋವಿನಜೋಳದ ಸಭೆಗಳಿಗೆ ಒಯ್ಯುವಂಥದು. ಅದರ ಜೊತೆ ಬಂದ ವೈರು ಹಳೆಯ ಮಾದರಿಯದು, ತುದಿಯಲ್ಲಿ ಹದಿನೈದು ಮುಳ್ಳು, ಎರಡು ಬದಿಗೆ ತಿರುಪು. ಸುಧಾರಾಣಿಯ ಹೊಸ ಲ್ಯಾಪ್‌ಟಾಪಿಗೆ ಅಂಥ ತೂತೇ ಇರಲಿಲ್ಲ. ಯಾರೋ ಎದ್ದು ಮನೆಗೆ ಹೋಗಿ ತಮ್ಮ ಟೀವಿಯ ಹಿಂದಿನ ಎಚ್‌ಡಿಎಂಐ ವೈರು ಕಿತ್ತು ತಂದರು. ಅದನ್ನು ಚುಚ್ಚಿದಾಗ ನೀಲಿ ಹೋಗಿ ಹಸಿರು ಹೊಲ ಬಂತು. ಬರೀ ಹೊಲ. ಲ್ಯಾಪ್‌ಟಾಪಿನೊಳಗೆ ಫೋಟೋಗಳು ಒಂದರ ಹಿಂದೊಂದು ಓಡುತ್ತಿದ್ದವು, ಪರದೆಯ ಮೇಲೆ ಮಾತ್ರ ಕಂಪ್ಯೂಟರಿನ ಹಿನ್ನೆಲೆಗೆ ಕಂಪನಿಯವರೇ ಹಾಕಿಕೊಟ್ಟ ಆ ಹಸಿರು ಹೊಲ ಅಲುಗಾಡದೆ ನಿಂತಿತ್ತು. ಅರವತ್ತು ಜನ ಅದನ್ನು ಸವಿನೆನಪೆಂದು ನೋಡುತ್ತ ಕುಳಿತರು.

ಕಾಸೀಮಸಾಬರಿಗೆ ಕಾಯಿಲೆ ಗೊತ್ತಿತ್ತು. ಕಂಪ್ಯೂಟರು ಪರದೆಯನ್ನು ತನ್ನ ಎರಡನೆಯ ಮೇಜೆಂದು ತಿಳಿದಿದೆ. ಕಾಗದಗಳೆಲ್ಲ ಮೊದಲ ಮೇಜಿನ ಮೇಲಿವೆ. ಎರಡು ಗುಂಡಿ ಒಟ್ಟಿಗೆ ಒತ್ತಿ, ಇಲ್ಲಿದ್ದದ್ದೇ ಅಲ್ಲಿಯೂ ಕಾಣಲಿ ಎಂದು ಆರಿಸಿದರೆ ಮುಗಿಯಿತು. ಹೇಳಲಿಲ್ಲ. ಕ್ಯಾಮೆರಾದ ಸರದಿ ಎಷ್ಟು ತಡವಾದರೆ ಅಷ್ಟು ಒಳ್ಳೆಯದೆಂದು ಸುಮ್ಮನೆ ಕುಳಿತರು. ಜೊತೆಗೆ, ಬೆಂಚಿನ ಮೇಲೆ ನಿಂತವರು ಇನ್ನೂ ಬೆಂಚಿನ ಮೇಲೇ ಇದ್ದಾರೆಂಬ ಒಂದು ಸಣ್ಣ ಸುಖವೂ ಎದೆಯಲ್ಲಿ ಸುಳಿಯಿತು. ಇಸ್ತಗ್‌ಫಾರ್ ಹೇಳಿ ದೇವರ ಕ್ಷಮೆ ಕೇಳಿಕೊಂಡರು. ಸುಖ ಹೋಗಲಿಲ್ಲ. ಕೊನೆಗೆ ಸುಧಾರಾಣಿಯ ಬೆರಳಿಗೆ ತಾನಾಗಿಯೇ ದಾರಿ ಸಿಕ್ಕಿ, ಫೋಟೋಗಳು ಬಂದವು, ಚಪ್ಪಾಳೆಯಾಯಿತು, ತೀರಿಕೊಂಡವರಿಗೆ ಒಂದು ನಿಮಿಷ ಮೌನವಾಯಿತು. ಆಮೇಲೆ ಶಾಕೀರ ಒಂದು ಬಟ್ಟೆಯ ಚೀಲದಿಂದ ಕ್ಯಾಮೆರಾ ತೆಗೆದ.

ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು ರಿಪೇರಿ ಮಾಡುತ್ತಾನೆ, ಅವನೂ ಅದೇ ಬ್ಯಾಚಿನವನು. ತೀರಿಹೋದ ತಂದೆಯ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಜೊತೆಗೊಂದು ವೈರು: ಕ್ಯಾಮೆರಾದ ಕಡೆಗೆ ಒಂದೇ ತುದಿ, ಇತ್ತ ಮೂರು ಬಾಲ. ಹಳದಿ, ಬಿಳಿ, ಕೆಂಪು. ಲ್ಯಾಪ್‌ಟಾಪಿನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ತಿರುವಿ ತಳ ನೋಡಿದ.

"ಇದು ಎಲ್ಲಿ ಹೋಗ್ತೈತೋ ಸುಭಾಷ? ಅಪ್ಪಾ ಇದ್ದಾಗ ನನ್ನ ಮುಟ್ಟಗೊಡ್ತಿದ್ದಿಲ್ಲ."

"ತೂತ ಇಲ್ಲಲ್ಲೋ."

"ಬ್ಲೂಟೂತ್ ಹಚ್ಚಿ ನೋಡು," ಎಂದ ಹಿಂದಿನ ಸಾಲಿನವನೊಬ್ಬ.

"ಅದು ನಿನ್ನ ಲಗ್ನಕ್ಕಿಂತ ಹಳೇದೈತಿ, ಅದಕ್ಕ ಎಲ್ಲೀ ಬ್ಲೂಟೂತ್."

ದುವಾ ಕಬೂಲಾಗುತ್ತಿತ್ತು. ಕ್ಯಾಮೆರಾ ಕೆಡಲಿಲ್ಲ, ಯಾರದೂ ಏನೂ ಹಾಳಾಗಲಿಲ್ಲ, ಮೂರು ಬಾಲಕ್ಕೆ ಜಾಗ ಸಿಗಲಿಲ್ಲ ಅಷ್ಟೆ. ತಾವು ಕೇಳಿದ್ದಕ್ಕಿಂತ ನಾಜೂಕಾಗಿ ಕೆಲಸ ಮುಗಿಸುವ ಮೇಲಿನವನನ್ನು ಕಾಸೀಮಸಾಬರು ಮನಸ್ಸಿನಲ್ಲೇ ಕೊಂಡಾಡಿದರು. ಅಷ್ಟರಲ್ಲಿ ಸುಭಾಷ ಕೈ ಝಾಡಿಸಿ, "ಬಿಡಪಾ, ಹಳೇ ಮಾಲು. ಈಗ ಇದು ಯಾರಿಗೂ ಬರೂದಿಲ್ಲ," ಎಂದ.

ಯಾರಿಗೂ ಬರುವುದಿಲ್ಲ ಎಂಬ ಮಾತು ಕಿವಿಗೆ ಬೀಳಬಾರದಿತ್ತು. ಕಾಸೀಮಸಾಬರಿಗೆ ತಾವು ಎದ್ದದ್ದು ಎದ್ದು ನಿಂತ ಮೇಲೆ ತಿಳಿಯಿತು. ದೇವರು ಮುಚ್ಚಿದ ಬಾಗಿಲನ್ನು ತೆರೆಯಲು ಎರಡು ಶಾಲು ಸಾವರಿಸಿಕೊಳ್ಳುತ್ತ ಹೊರಟರು.

"ಕಂಪ್ಯೂಟರ್ ಯಾಕ ಕಾಡ್ತೀರೋ. ಕ್ಯಾಮೆರಾದ ಗಂಟು ಸೀದಾ ಪ್ರೊಜೆಕ್ಟರ್ ಸಂಗಾಟ ಐತಿ. ಅದರ ಬೆನ್ನ ಕಡೆ ನೋಡ್ರಿ. ಹಳದಿ ತೂತ ಐತೇನು?"

"ಐತ್ರಿ ಸರ್."

"ಹಳದಿ ಅಂದ್ರ ಚಿತ್ರ." ಹಳದಿಯನ್ನು ಚುಚ್ಚಿದರು. ತರಗತಿಯ ದನಿ ತಾನಾಗಿ ಬಂದಿತ್ತು. ಜನ ಸುತ್ತ ನೆರೆದಿದ್ದರು. ಸುಭಾಷ ಕೈ ಹಿಂದೆ ಕಟ್ಟಿಕೊಂಡಿದ್ದ. ಬಿಳಿಯ ಬಾಲ ಹಿಡಿದ ಬೆರಳು ಅಲ್ಲಿಯೇ ನಿಂತಿತು. ಬಿಳಿ, ಕೆಂಪು ಅಂದರೆ ದನಿ. ಬೆರಳುಗಳು ಅವೆರಡನ್ನೂ ಮೆಲ್ಲಗೆ ಮೇಜಿನ ಹಾಸಿನ ಕೆಳಗೆ ಸರಿಸಿದವು. ಆಮೇಲೆ ಪ್ರೊಜೆಕ್ಟರಿನ ನೆತ್ತಿಯ ಮೇಲಿನ ಗುಂಡಿ ಒತ್ತಿ ಒತ್ತಿ, ಕಂಪ್ಯೂಟರು ದಾಟಿ, ಎಚ್‌ಡಿಎಂಐ ದಾಟಿ, ವಿಡಿಯೋ ಎಂಬಲ್ಲಿಗೆ ತಂದು ನಿಲ್ಲಿಸಿದರು. ಶಾಕೀರ ಕ್ಯಾಮೆರಾ ಒತ್ತಿದ.

ಬಂದಳು. ಪರದೆಯೆಂದು ಕಟ್ಟಿದ ಬಿಳಿ ಪಂಚೆಯ ಮಡಿಕೆಯಲ್ಲಿ ಸ್ವಲ್ಪ ಮುರಿದು ಬಂದಳು. ತಲೆಯ ಮೇಲೆ ಸೆರಗು, ಬಲಗೈಯಲ್ಲಿ ಮೈಕು, ಎಡಗೈ ಸೊಂಟದ ಹತ್ತಿರ ತಾಳ ಹಾಕುತ್ತಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು. ಕಾಸೀಮಸಾಬರು ಪ್ರೊಜೆಕ್ಟರಿನ ಪಕ್ಕ ನಿಂತೇ ಇದ್ದರು, ಫ್ಯಾನಿನ ಬಿಸಿಗಾಳಿ ಮೊಣಕೈಗೆ ತಾಗುತ್ತಿತ್ತು. ನಲವತ್ತೆರಡರ ಮಾಸುಮಬಿ. ಆಸ್ಪತ್ರೆಯಲ್ಲಿ ಕೊನೆಗೆ ನೋಡಿದ ಮುಖ ಇದಾಗಿರಲಿಲ್ಲ. ಆ ಮುಖವೂ ಹೀಗೆಯೇ ಬಾಯಿ ತೆರೆದು ಮುಚ್ಚಿತ್ತು, ನೀರು ಬೇಕಂತೆ ಎಂದು ತಾವು ನೀರು ಹನಿಸಿದ್ದರು, ಅವಳು ತಲೆ ಆಡಿಸಿದ್ದಳು, ಇನ್ನೂ ಬೇಕಂತೆ ಎಂದು ಮತ್ತೆ ಹನಿಸಿದ್ದರು.

"ಸರ್, ದನಿ ಬರವಲ್ದಲ್ರಿ," ಎಂದ ಶಾಕೀರ.

"ಹಳೇ ಟೇಪು. ಅದರ ಮ್ಯಾಲ ಲೋಹದ ಪುಡಿ ಬಳದಿರತಾರ. ವರ್ಷಾದಂಗ ಉದುರತೈತಿ. ಚಿತ್ರ ಉಳೀತೈತಿ, ದನಿ ಹೊಕ್ಕೈತಿ."

ಯಾರೂ ಅನುಮಾನಪಡಲಿಲ್ಲ. ಮೂವತ್ತೊಂದು ವರ್ಷ ಸತ್ಯವನ್ನೇ ಹೇಳಿ ನಂಬಿಸಲಾಗದವರಿಗೆ ಸುಳ್ಳು ಎಷ್ಟು ಸಲೀಸಾಗಿ ಒಪ್ಪಿತವಾಯಿತೆಂದರೆ, ಒಬ್ಬಿಬ್ಬರು ಬರೆದುಕೊಳ್ಳುತ್ತಾರೇನೋ ಎನಿಸಿತು. ಪರದೆಯ ಮೇಲೆ ಎಡದಿಂದ ಒಬ್ಬ ಮನುಷ್ಯ ಬಂದ. ಹೊಟ್ಟೆಯಿಲ್ಲ, ಜೇಬಿನಲ್ಲಿ ಎರಡು ಪೆನ್ನು, ನಡಿಗೆಯಲ್ಲಿ ಅವಸರ. ಮೈಕಿಗೆ ಕೈ ಹಾಕಿದ. ಕಾಸೀಮಸಾಬರು ಮನಸ್ಸಿನಲ್ಲೇ ಎಣಿಸಿದರು. ದನಿಯಿಲ್ಲ, ಇನ್ನು ಮೂರು ಕ್ಷಣ ಕಳೆದರೆ ದಾಟಿದಂತೆ.

"ಸಾಕ್ ಮಾಡ್ರಿ ಬಾಯಾರ," ಎಂದು ಅವರ ಬೆನ್ನ ಹಿಂದೆ ಸುಭಾಷ ಅವರದೇ ದನಿಯಲ್ಲಿ ಅಂದ. "ಉಳದಿದ್ದು ಮನ್ಯಾಗ ಹಾಡ್ರಿ." ಕೊನೆಯ ಮೂರು ಮಾತನ್ನು ಹತ್ತು ಹದಿನೈದು ಜನ ಒಟ್ಟಿಗೆ ಅಂದರು. ಮಂದಿರ ತುಂಬಾ ನಗು. ಕೆಟ್ಟ ನಗುವಲ್ಲ, ಪ್ರೀತಿಯದು, ಅದೇ ಕಷ್ಟ.

"ಸರ್, ಇದನ್ನ ನಾವ ಇನ್ನೂ ಮರ್ತಿಲ್ರಿ," ಎಂದು ಸುಭಾಷ ಕಣ್ಣೊರೆಸಿಕೊಂಡ. "ನಮ್ಮಾಕಿ ಮಾತು ಚಾಲೂ ಮಾಡಿದ್ಲಂದ್ರ ಇದ ಹೇಳೂದು. ಗಪ್ ಆಕ್ಕಾಳ."

ವಕ್ರೀಭವನ ಹೋಯಿತು, ನ್ಯೂಟನ್ನನ ಮೂರೂ ನಿಯಮ ಹೋದವು. ಮೂವತ್ತೊಂದು ವರ್ಷದ ಪಾಠದಲ್ಲಿ ಇವನ ಮನೆಯವರೆಗೆ ಹೋಗಿ ನಿಂತದ್ದು ಇದೊಂದು. ಅಲ್ಲಿಯೂ ಯಾರೋ ಒಬ್ಬಳು ಉಪ್ಪು ಸಾಕೋ ಎಂದು ಕೇಳುತ್ತಿರಬಹುದು. ಮುಚ್ಚಿಟ್ಟದ್ದು ಊರಿಗೆಲ್ಲ ಬಾಯಿಪಾಠವಾಗಿತ್ತು, ಹಾಗಾದರೆ ಮೇಜಿನ ಹಾಸಿನ ಕೆಳಗೆ ತಾವು ಸರಿಸಿದ್ದು ಏನನ್ನು? ಅವಳ ಹಾಡನ್ನಷ್ಟೇ. ಎರಡನೆಯ ಸಲ.

ಸುಧಾರಾಣಿ ನಕ್ಕಿರಲಿಲ್ಲ. ಪರದೆಯನ್ನೇ ನೋಡುತ್ತಿದ್ದವಳು ಮೈಕು ಪಕ್ಕಕ್ಕಿಟ್ಟು, "ಸರ್, ಬಾಯಾರು ಆಮ್ಯಾಲ ಏನೋ ಅಂದ್ರಲ್ರಿ," ಎಂದಳು.

"ಯಾವಾಗ?"

"ನೀವು ಮೈಕ್ ಇಸಗೊಂಡ ಮ್ಯಾಲ. ನೀವು ಮಂದಿ ಕಡೆ ಹೊಳ್ಳಿದ್ರಿ. ಅವರು ನಿಮ್ಮನ್ನ ನೋಡಿ ಏನೋ ಅಂದ್ರು. ಶಾಕೀರ, ಹಿಂದಕ್ಕ ಹೋಗು."

ಶಾಕೀರ ಹಿಂದಕ್ಕೆ ಹೋದ. ನಿಜ. ಮೈಕು ಹೋದ ಖಾಲಿ ಕೈಯನ್ನು ಅವಳು ಒಂದು ಕ್ಷಣ ಹಾಗೆಯೇ ಹಿಡಿದಿದ್ದಳು. ಆಮೇಲೆ ಗಂಡನ ಬೆನ್ನಿಗೆ ಏನೋ ಹೇಳಿದಳು. ಚಿಕ್ಕ ಮಾತಲ್ಲ. ತುಟಿ ಐದಾರು ಸಲ ಅಲುಗಿತು. ಆಮೇಲೆ ಇಳಿದು ಹೋದಳು. ಶಾಲೆಯಲ್ಲಿ ಅವರಿಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದರು, ಮನೆಯಲ್ಲಿ ಉರ್ದು. ಕನ್ನಡವಾಗಿದ್ದರೆ ಅದು ಸರ್‌ಗೆ ಹೇಳಿದ್ದು. ಉರ್ದುವಾಗಿದ್ದರೆ ಗಂಡನಿಗೆ ಹೇಳಿದ್ದು. ಮೂವತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸಿನ ತುಟಿ ನೋಡಿ ಅಷ್ಟನ್ನೂ ಹೇಳಲು ಅವರಿಗೆ ಆಗಲಿಲ್ಲ. ಇಲ್ಲಿದ್ದ ಅರವತ್ತು ಜನರಿಗೂ ಗೊತ್ತಿಲ್ಲ, ಅವತ್ತು ಅವರು ನಗುತ್ತಿದ್ದರು.

"ದನಿ ಇದ್ದಿದ್ರ ಗೊತ್ತಾಕ್ಕಿತ್ತು," ಎಂದಳು ಸುಧಾರಾಣಿ.

ನಾಳೆ ಶಾಕೀರನ ಅಂಗಡಿಗೆ ಬಂದು ಒಬ್ಬರೇ ಕೂತು ಕೇಳಬಹುದು. ಮರ್ಯಾದೆಯ ದಾರಿ ಅದು. ಇಪ್ಪತ್ತು ವರ್ಷ ಕೇಳದೆ ಆರಾಮಾಗಿದ್ದವರಿಗೆ ಇನ್ನೊಂದು ರಾತ್ರಿ ದೊಡ್ಡದಲ್ಲ. ಆದರೆ ಕಾಸೀಮಸಾಬರ ಕೈ ಆಗಲೇ ಮೇಜಿನ ಹಾಸನ್ನು ಎತ್ತಿತ್ತು.

"ದನಿ ಐತಿ," ಎಂದರು. "ಟೇಪಿಗೆ ಏನೂ ಆಗಿಲ್ಲ. ನಾನ ಹಚ್ಚಿಲ್ಲ."

ಶಂಕ್ರಪ್ಪ ಮಾಸ್ತರರು, ಗುಟ್ಟು ಕೇಳುವವರಂತೆ ಬಗ್ಗಿ, ಎಲ್ಲರಿಗೂ ಕೇಳುವಂತೆ, "ಯಾಕ?" ಎಂದರು.

"ನನ್ನ ಮಾತು ಕೇಳಬಾರದು ಅಂತ."

ಬಿಳಿಯನ್ನು ಬಿಳಿಗೆ ಚುಚ್ಚಿದರು, ಕೆಂಪನ್ನು ಕೆಂಪಿಗೆ. ಪ್ರೊಜೆಕ್ಟರಿನ ದನಿ ಸೊಳ್ಳೆಯಷ್ಟು. ಸುಭಾಷ ಯಾರ ಮುಖವನ್ನೂ ನೋಡದೆ ಮಂದಿರದ ಮೈಕು ತಂದು ಅದರ ಪಕ್ಕೆಗೆ ಹಿಡಿದು ನಿಂತ. ಶಾಕೀರ ಹಾಡಿನ ಮೊದಲಿಗೆ ಹೋಗಿ ಒತ್ತಿದ.

ದನಿ ಅವರು ನೆನಪಿಟ್ಟುಕೊಂಡದ್ದಕ್ಕಿಂತ ಒರಟಾಗಿತ್ತು. ಬೀಸುವ ಕಲ್ಲಿನ ಗರಗರಕ್ಕೆ ಮೇಲಾಗಿ ಕೇಳಬೇಕಾದ ದನಿ ಅದು. ಎರಡನೆಯ ನುಡಿಯಲ್ಲಿ ಕೆಮ್ಮಿದಳು, ಸೀರೆಯ ಅಂಚಿನಿಂದ ಬಾಯಿ ಒರೆಸಿ ಮುಂದುವರಿದಳು. ಕಾಸೀಮಸಾಬರು ಪೇಟ ತೆಗೆದು ಕುರ್ಚಿಯ ಮೇಲಿಟ್ಟರು. ನಾಲ್ಕನೆಯ ನುಡಿ. ಐದನೆಯದು. ಆಮೇಲೆ ಆ ಮಾತು. ಈ ಸಲ ಯಾರೂ ಜೊತೆಗೆ ಹೇಳಲಿಲ್ಲ, ಯಾರೂ ನಗಲಿಲ್ಲ; ಟೇಪಿನೊಳಗಿನ ಇಪ್ಪತ್ತು ವರ್ಷದ ಹಿಂದಿನ ಶಾಲೆ ಮಾತ್ರ ಭೋರೆಂದು ನಕ್ಕಿತು. ನಗು ಇಳಿಯುತ್ತಿದ್ದಂತೆ ಮಾಸುಮಬಿ ಖಾಲಿ ಕೈ ನೋಡಿಕೊಂಡಳು, ಮುಖ ಎತ್ತಿದಳು, ಬಾಯಿ ತೆರೆದಳು.

"ವಿದ್ಯಾರ್ಥಿಗಳೇ, ಶಾಂತರೀತಿಯಿಂದ ಕುಳಿತುಕೊಳ್ಳಬೇಕು," ಎಂದ ಪರದೆಯ ಮೇಲಿನವನು ಮೈಕಿನಲ್ಲಿ. "ಈಗ ನಮ್ಮೆಲ್ಲರ ಮೆಚ್ಚಿನ, ಕೊಡುಗೈ ದಾನಿಗಳಾದ ಮಾನ್ಯ ಚೇರ್ಮನ್ನರು ತಮ್ಮ ಅಮೂಲ್ಯವಾದ ಎರಡು ಮಾತುಗಳನ್ನು..."

ತುಟಿ ಅಲುಗಿತು. ಇಳಿದು ಹೋದಳು.

"ಹಿಂದಕ್ಕ," ಎಂದರು ಕಾಸೀಮಸಾಬರು. ಶಾಕೀರ ಹಿಂದಕ್ಕೆ ಹೋದ. ವಿದ್ಯಾರ್ಥಿಗಳೇ. ತುಟಿ. ಕೊಡುಗೈ. "ಇನ್ನೊಮ್ಮೆ. ದನಿ ಏರಿಸು." ದನಿ ಏರಿಸಿದರೆ ಅವನದು ಏರಿತು. ಆ ಮಾತಿನ ಕೆಳಗೆ, ಕೊನೆಯಲ್ಲಿ, ಇನ್ನೊಂದು ದನಿಯ ಚೂರು ಇತ್ತೆಂದು ಸುಧಾರಾಣಿಯೂ ಅಂದಳು. ಕನ್ನಡವೋ ಉರ್ದುವೋ ಅವಳಿಗೂ ತಿಳಿಯಲಿಲ್ಲ. ನಾಲ್ಕನೆಯ ಸಲ ಕಾಸೀಮಸಾಬರು ಪರದೆಯ ಹತ್ತಿರಕ್ಕೇ ಹೋದರು. ಬೆಳಕು ಅವರ ಬೆನ್ನ ಮೇಲೆ ಬಿದ್ದು, ಅರ್ಧ ಮಾಸುಮಬಿ ಅವರ ಎರಡು ಶಾಲಿನ ಮೇಲೆ ಬಂದಳು. ಅವಳು ಬಾಯಿ ತೆರೆದಳು. ವಿದ್ಯಾರ್ಥಿಗಳೇ ಎಂದ ಅವನು.

"ಬಾಯಿ ಮುಚ್ಚಲೇ, ಸಾಕು," ಎಂದರು ಕಾಸೀಮಸಾಬರು ಅವನಿಗೆ.

ಹಳೆಯ ತರಗತಿಯ ದನಿಯದು. ಮಂದಿರದಲ್ಲಿ ಪಿಸುಗುಡುತ್ತಿದ್ದವರೆಲ್ಲ ತಟ್ಟನೆ ಮಾತು ನಿಲ್ಲಿಸಿದರು. ನಲವತ್ತು ಸಮೀಪಿಸಿದ, ಅಂಗಡಿ ಹೊಲ ನೌಕರಿ ಮಾಡಿಕೊಂಡ ಅರವತ್ತು ಜನ ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ ಕುಳಿತರು. ಶಂಕ್ರಪ್ಪ ಮಾಸ್ತರರೂ ಕೈ ಕಟ್ಟಿದರು. ಪರದೆಯ ಮೇಲಿದ್ದವನೊಬ್ಬ ಮಾತ್ರ ಮಾತಾಡುತ್ತಲೇ ಇದ್ದ.